ತಕ್ಕಡಿ ಅವರಿಗೇ ಇರಲಿ

ರೋಬೋಟ್ ಸ್ಪರ್ಧೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಯಂತ್ರ. ಅದರ ಚಕ್ರ, ಅದರ ಕೈ, ಮಿಣುಕುವ ದೀಪ. ಶಾಲೆಗಳ ವಿಜ್ಞಾನ ಮೇಳದ ಫೋಟೋಗಳನ್ನು ನೋಡಿ: ಹುಡುಗ ಯಂತ್ರದ ಪಕ್ಕ ಸೆಟೆದು ನಿಂತಿರುತ್ತಾನೆ, ಮುಖ್ಯ ಅತಿಥಿಗಳು ಅದರ ಮೇಲೆ ಬಾಗಿರುತ್ತಾರೆ, ಹಿಂದೆ ಬ್ಯಾನರ್ ಇರುತ್ತದೆ. ಯಂತ್ರ ಮಾಡುವುದು ಏನನ್ನು, ಯಾಕಾಗಿ, ಅದನ್ನೇ ಮಾಡಬೇಕೆಂದು ನಿರ್ಧರಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕಥೆ ಬರೆಯುವ ನಮಗೆ ಯಂತ್ರಗಳ ಗೋಜು ಇಲ್ಲ. ಆದರೆ ಯಾರು ಏನನ್ನು ಯಾಕೆ ಆರಿಸಿಕೊಂಡರು ಎಂಬ ಪ್ರಶ್ನೆ ನಮ್ಮ ಕಸುಬಿನದ್ದೇ. ಆದ್ದರಿಂದ ಈ ವಿಷಯದ ಮೇಲೆ ಬರೆಯುವ ಧೈರ್ಯ ಮಾಡಿದ್ದೇವೆ.

ನಾವು ಹೇಳುತ್ತಿರುವುದು ಅಮೆರಿಕದ ಪ್ರೌಢಶಾಲಾ ಮಕ್ಕಳ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ ಬಗ್ಗೆ. ಡೀನ್ ಕಾಮೆನ್ ಎಂಬ ಸಂಶೋಧಕ 1989ರಲ್ಲಿ ಕಟ್ಟಿದ ಸಂಸ್ಥೆ ಇದನ್ನು ನಡೆಸುತ್ತದೆ. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಶಾಲೆಯ ಜಿಮ್ನಾಷಿಯಂನಲ್ಲಿ 28 ತಂಡಗಳಿಂದ ಶುರುವಾದದ್ದು 2018ರ ಹೊತ್ತಿಗೆ ಮೂರೂವರೆ ಸಾವಿರಕ್ಕೂ ಹೆಚ್ಚು ತಂಡಗಳ ದೊಡ್ಡ ಜಾತ್ರೆಯಾಗಿತ್ತು. ಆ ವರ್ಷ ಮಾರ್ಚ್‌ನಲ್ಲಿ ನಾವು ಡೆಟ್ರಾಯಿಟ್ ಹೊರವಲಯದ ತಂಗಿಯ ಮನೆಯಲ್ಲಿದ್ದೆವು. ಕಾರು ಕಾರ್ಖಾನೆಗಳ ಊರಾದ್ದರಿಂದ ಅಲ್ಲಿ ಶಾಲೆ ಶಾಲೆಗೂ ರೋಬೋಟ್ ತಂಡವಿದೆ. ತಂಗಿಯ ಮಗಳು, ಆಗ ಹದಿನಾರರ ಹುಡುಗಿ, ಅಂಥದೊಂದು ತಂಡದಲ್ಲಿದ್ದಳು. ನಮ್ಮೂರಿನಲ್ಲಿ ಹುಟ್ಟಿ ನಾಲ್ಕು ವರ್ಷದವಳಿದ್ದಾಗ ಹೋದವಳು. ಮನೆಯಲ್ಲಿ ದಖನಿಯನ್ನೂ ಕನ್ನಡವನ್ನೂ ಇಂಗ್ಲಿಷ್ ಬೆರೆಸಿ ಮಾತಾಡುತ್ತಾಳೆ. ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ, ನೋಟ್‌ಬುಕ್ ಇತ್ತು.

ಈ ಸ್ಪರ್ಧೆಯ ವಿಶೇಷವೆಂದರೆ ಆಟ ಪ್ರತಿ ವರ್ಷ ಹೊಸದು. ಜನವರಿಯ ಆರಂಭದ ಒಂದು ಶನಿವಾರ ನಿಯಮಾವಳಿ ಹೊರಬೀಳುತ್ತದೆ. ಅದುವರೆಗೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಆಗಿನ ಪದ್ಧತಿಯಂತೆ ಸುಮಾರು ಆರು ವಾರಗಳೊಳಗೆ 54 ಕಿಲೋ ಮೀರದ ಯಂತ್ರ ಕಟ್ಟಿ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುದ್ರೆ ಒತ್ತಬೇಕಿತ್ತು. ಆ ಚೀಲದ ಕಟ್ಟಳೆ 2020ರ ಋತುವಿನಿಂದ ಹೋಯಿತು. ಅಂಕಣದಲ್ಲಿ ಮೂರು ತಂಡಗಳ ಒಂದು ಮೈತ್ರಿಕೂಟ ಇನ್ನೊಂದು ಮೈತ್ರಿಕೂಟದ ಎದುರು ಆಗ ಎರಡೂವರೆ ನಿಮಿಷ ಆಡುತ್ತಿತ್ತು. ಲೀಗ್ ಹಂತದಲ್ಲಿ ಜೊತೆಗಾರರು ಯಾರೆಂದು ಕಂಪ್ಯೂಟರ್ ಹೇಳುತ್ತದೆ. ಈ ಪಂದ್ಯದ ಜೊತೆಗಾರ ಮುಂದಿನ ಪಂದ್ಯದ ಎದುರಾಳಿ. ಆದ್ದರಿಂದ ಯಾರನ್ನೂ ಹಗೆ ಮಾಡಿಕೊಳ್ಳುವಂತಿಲ್ಲ, ಯಾರನ್ನೂ ಪೂರ್ತಿ ನೆಚ್ಚುವಂತೆಯೂ ಇಲ್ಲ.

2018ರ ಆಟದ ಹೆಸರು ಪವರ್ ಅಪ್. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಅದರೊಳಗೇ ಇದೆ. ಅಂಕಣದ ನಡುವೆ ಒಂದು ದೊಡ್ಡ ತಕ್ಕಡಿ, ಆಳೆತ್ತರದಲ್ಲಿ ಎರಡು ತಟ್ಟೆ. ಎರಡೂ ಕಡೆ ಒಂದೊಂದು ಚಿಕ್ಕ ತಕ್ಕಡಿ, ಸೊಂಟಕ್ಕಿಂತ ಕೆಳಗೆ. ಅದಕ್ಕೆ ಸ್ವಿಚ್ ಎನ್ನುತ್ತಾರೆ. ತೂಗುವ ವಸ್ತು ಹಾಲಿನ ಕ್ರೇಟಿಗೆ ಹಳದಿ ಬಟ್ಟೆ ಹೊದಿಸಿದ ಪೆಟ್ಟಿಗೆ. ದೊಡ್ಡ ತಕ್ಕಡಿ ನಿಮ್ಮ ಕಡೆ ವಾಲಿದಷ್ಟು ಹೊತ್ತೂ ಸೆಕೆಂಡಿಗೊಂದು ಅಂಕ. ನಿಮ್ಮ ಬದಿಯ ಸ್ವಿಚ್ ನಿಮ್ಮ ಕಡೆ ವಾಲಿದ್ದರೂ ಸೆಕೆಂಡಿಗೊಂದು ಅಂಕ. ಎದುರಾಳಿಯ ಸ್ವಿಚ್ಚನ್ನು ನೀವು ವಾಲಿಸಿದರೆ ನಿಮಗೇನೂ ಸಿಗದು, ಅವರ ಸಂಪಾದನೆ ನಿಲ್ಲುತ್ತದೆ. ನೆಲಮಟ್ಟದ ಕಿಂಡಿಯೊಂದರಿಂದ ಪೆಟ್ಟಿಗೆಯನ್ನು ಹಿಂದಿರುವ ಮನುಷ್ಯನ ಕೈಗೆ ದಾಟಿಸಿದರೆ ಅದು ತಿಜೋರಿ ಸೇರುತ್ತದೆ. ಪೆಟ್ಟಿಗೆಗೆ 5 ಅಂಕ, ಒಟ್ಟು ಒಂಬತ್ತಕ್ಕೆ ಜಾಗ. ಕೊನೆಯಲ್ಲಿ ನಡುವಿನ ಕಂಬಿಗೆ ಜೋತುಬಿದ್ದು ಮೇಲೇರಿದ ಯಂತ್ರಕ್ಕೆ 30 ಅಂಕ. ಆದರೆ ಕಂಬಿಯ ಅಗಲ ಒಂದು ಗೇಣೂವರೆ ಮಾತ್ರ, ಒಂದು ಯಂತ್ರ ನೇತಾಡಿದರೆ ಇನ್ನೊಂದಕ್ಕೆ ಎಡೆಯಿಲ್ಲ.

ತಿಜೋರಿಯೊಳಗೆ ಮೂರು ಸಾಲುಗಳಿವೆ. ಒಂದು ಸಾಲಿನ ಹೆಸರು ಲೆವಿಟೇಟ್. ಅದರಲ್ಲಿ ಮೂರು ಪೆಟ್ಟಿಗೆ ತುಂಬಿ ಗುಂಡಿ ಒತ್ತಿದರೆ, ಮೇಲೇರದ ಒಂದು ಯಂತ್ರವನ್ನೂ ಏರಿದಂತೆಯೇ ಲೆಕ್ಕ ಹಿಡಿಯುತ್ತಾರೆ. ಈ ಒಂದು ವಾಕ್ಯವನ್ನು ಓದುಗರು ನೆನಪಿಡಬೇಕು.

ಇನ್ನು ಲೆಕ್ಕಾಚಾರ. ತಕ್ಕಡಿಗೆ ಒಂದೇ ಪೆಟ್ಟಿಗೆ ಹೆಚ್ಚಿದ್ದರೆ ಸಾಕು, ಹತ್ತು ಹೆಚ್ಚಿದ್ದರೂ ಸಿಗುವುದು ಅದೇ ಒಂದು ಅಂಕ. ಹಾಗಿದ್ದೂ ನಾವು ನೋಡಿದ ಎಷ್ಟೋ ಪಂದ್ಯಗಳಲ್ಲಿ ಹುಡುಗರು ಗೆದ್ದ ತಟ್ಟೆಯ ಮೇಲೇ ಪೆಟ್ಟಿಗೆ ಪೇರಿಸುತ್ತಿದ್ದರು, ಜನ ಚಪ್ಪಾಳೆ ತಟ್ಟುತ್ತಿತ್ತು. ಕಬಡ್ಡಿಯಲ್ಲಿ ಬರಿಗೈಯಲ್ಲಿ ಹಿಂದಿರುಗಿ ಹೊತ್ತು ಕಳೆಯಬೇಕಾದಾಗ ಮೈಮೇಲೆ ಬಿದ್ದು ಸಿಕ್ಕಿಹಾಕಿಕೊಳ್ಳುವ ರೈಡರ್‌ನನ್ನು ನಾವೆಲ್ಲ ನೋಡಿದ್ದೇವಲ್ಲ, ಹಾಗೆ.

ಜನವರಿಯಲ್ಲಿ ಆ ತಂಡದೊಳಗೆ ನಡೆದ ಜಗಳದ ಕಥೆಯನ್ನು ನಾವು ತಂಗಿಯ ಬಾಯಿಂದ ಮೊದಲು, ಆಮೇಲೆ ಹುಡುಗಿಯ ಬಾಯಿಂದ ಕೇಳಿದೆವು. ಹೆಚ್ಚಿನವರಿಗೆ ದೊಡ್ಡ ತಕ್ಕಡಿಗೆ ಪೆಟ್ಟಿಗೆ ಏರಿಸುವ ಎತ್ತರದ ಲಿಫ್ಟ್ ಬೇಕಿತ್ತು. ಆಟದ ಹೃದಯ ಅದೇ ತಾನೆ? ದೊಡ್ಡ ತಕ್ಕಡಿಯನ್ನು ಎದುರಾಳಿಯಿಂದ ಕಸಿದರೆ ನಮಗೆ ಸೆಕೆಂಡಿಗೆ ಒಂದು ಬರುತ್ತದೆ, ಅವರಿಗೆ ಬರುತ್ತಿದ್ದ ಒಂದು ಹೋಗುತ್ತದೆ, ಅಂತರ ಎರಡು. ಇದನ್ನು ಹುಡುಗಿಯೂ ಒಪ್ಪಿದ್ದಳು. ಆದರೆ ಅವಳ ನೋಟ್‌ಬುಕ್ಕಿನಲ್ಲಿ ಇನ್ನೊಂದು ಪಟ್ಟಿ ಇತ್ತು: ತಂಡದ ಬಳಿ ಇರುವ ಯಂತ್ರೋಪಕರಣ ಯಾವುವು, ವಾರದಲ್ಲಿ ಎಷ್ಟು ಸಂಜೆ ಎಷ್ಟು ಜನ ಬರುತ್ತಾರೆ, ಹಿಂದಿನ ವರ್ಷ ಯಾವ ಭಾಗ ಎಷ್ಟು ಸಲ ಮುರಿಯಿತು. ಆ ಪಟ್ಟಿಯ ಪ್ರಕಾರ ಅವರಿಂದ ಆಗುವ ಲಿಫ್ಟ್ ನಡುಗುವ ಲಿಫ್ಟ್.

ಅವಳ ವಾದ ಇಷ್ಟು. ಸ್ಪರ್ಧೆಗೆ ಬರುವುದು ನಲವತ್ತು ತಂಡ. ಅದರಲ್ಲಿ ಮೂವತ್ತು ತಂಡ ಲಿಫ್ಟ್ ಕಟ್ಟುತ್ತವೆ. ನಮ್ಮದು ಅವುಗಳಲ್ಲಿ ಇಪ್ಪತ್ತೈದನೆಯದಾಗುತ್ತದೆ. ಒಂದು ಮೈತ್ರಿಕೂಟಕ್ಕೆ ಲಿಫ್ಟ್ ಇರುವವರು ಒಬ್ಬರು, ಹೆಚ್ಚೆಂದರೆ ಇಬ್ಬರು ಸಾಕು. ಮೂರನೆಯವರು ಬೇರೆಯೇ ಕೆಲಸದವರಾಗಿರಬೇಕು. ಅಂಥವರ ಬರಗಾಲ ಬೀಳುತ್ತದೆ. ನಾವು ಗಿಡ್ಡ ಯಂತ್ರ ಕಟ್ಟೋಣ. ಕಿಂಡಿಗೆ ಪೆಟ್ಟಿಗೆ ಹಾಕುವುದು, ನಮ್ಮ ಸ್ವಿಚ್ ಕಾಯುವುದು, ಈ ಎರಡೇ ಕೆಲಸ. ಕಂಬಿ ಏರುವ ಯಂತ್ರಭಾಗವೂ ಬೇಡ. ತಿಜೋರಿ ತುಂಬಿದರೆ ಲೆವಿಟೇಟ್‌ನಿಂದ ಆ 30 ಅಂಕ ತಾನಾಗಿ ಬರುತ್ತದೆ.

ಮದುವೆ ಮನೆಯಲ್ಲಿ ಎಲ್ಲರೂ ಬಿರಿಯಾನಿ ಬಡಿಸಲು ಮುಂದೆ ಬರುತ್ತಾರೆ, ದೇಗಿನ ಹತ್ತಿರ ಹೊಗೆ ಕುಡಿಯಲು ಯಾರೂ ಇರುವುದಿಲ್ಲ ಎಂದು ಅವಳ ಅಬ್ಬಾ ಇದನ್ನು ನಮಗೆ ಬಿಡಿಸಿ ಹೇಳಿದರು. ಮತಕ್ಕೆ ಹಾಕಿದಾಗ ಅವಳ ಪಕ್ಷ ಮೂರು ಮತಗಳಿಂದ ಗೆದ್ದಿತು. ಗೆದ್ದ ಮೇಲೆ ಇಬ್ಬರು ಗೆಳತಿಯರು ಅವಳ ಜೊತೆ ಮಾತು ಬಿಟ್ಟರು. ಒಬ್ಬ ಹುಡುಗ ತಂಡವನ್ನೇ ಬಿಟ್ಟ. ಆರು ವಾರ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ತಂಗಿ ದೂರಿದಳು. "ಆಟಕ್ಕಾಗಿ ಇಷ್ಟೆಲ್ಲ ಯಾಕೆ ಭಾಯಿಜಾನ್, ನೀವಾದರೂ ಹೇಳಿ" ಎಂದಳು. ನಾವು ಹೇಳಲಿಲ್ಲ. ನಿಯಮದ ಪುಸ್ತಕವನ್ನು ಒಬ್ಬರು ಇಷ್ಟು ಶ್ರದ್ಧೆಯಿಂದ ಓದುವುದನ್ನು ನೋಡುವುದು ಅಪರೂಪ. ನಮ್ಮ ಅಂಜುಮನ್‌ಗಳ ಪದಾಧಿಕಾರಿಗಳು ತಮ್ಮ ಬೈಲಾವನ್ನು ಹೀಗೆ ಓದಿದ್ದರೆ ಎಷ್ಟೋ ಖಟ್ಲೆಗಳು ಕೋರ್ಟಿಗೆ ಹೋಗುತ್ತಿರಲಿಲ್ಲ.

ನಿಯಮ ಓದುವವರ ದೊಡ್ಡ ಪರಂಪರೆಯೇ ಈ ಸ್ಪರ್ಧೆಯಲ್ಲಿದೆ. 2002ರ ಆಟದಲ್ಲಿ ಚಕ್ರಗಳ ಮೇಲೆ ಚಲಿಸುವ ಮೂರು ಗೋಲುಗಳಿದ್ದವು; ಅವನ್ನು ತಮ್ಮ ವಲಯಕ್ಕೆ ಎಳೆದುಕೊಳ್ಳಲು ಎಲ್ಲರೂ ಹೆಣಗುತ್ತಿದ್ದರು. ಇಂಡಿಯಾನಾ ರಾಜ್ಯದ ಹ್ಯಾಮಂಡ್‌ನ 71ನೇ ಸಂಖ್ಯೆಯ ತಂಡದ ಯಂತ್ರ ಮೂರನ್ನೂ ಒಟ್ಟಿಗೆ ಹಿಡಿದು, ಚಕ್ರಗಳನ್ನು ಬಿಟ್ಟು, ಕೆಳಗೆ ಪಾದಗಳನ್ನು ಇಳಿಸುತ್ತಿತ್ತು. ಪಾದಗಳ ಅಡಿಗೆ ಅರ ಉಜ್ಜುವ ತಂತಿಬ್ರಷ್ಷಿನಂಥ ಮುಳ್ಳು. ಅದು ಜಮಖಾನೆಯನ್ನು ಕಚ್ಚಿ ಹಿಡಿದು ಇಂಚಿಂಚಾಗಿ ನಡೆಯುತ್ತಿದ್ದರೆ ಯಾರ ಕೈಲೂ ಕದಲಿಸಲಾಗಲಿಲ್ಲ. ಫ್ಲಾರಿಡಾದ ಆ ವರ್ಷದ ಚಾಂಪಿಯನ್‌ಶಿಪ್ ಅವರ ಕೂಟದ್ದಾಯಿತು.

2010ರ ಆಟ ಫುಟ್‌ಬಾಲಿನಂಥದ್ದು. ಗೋಲಾದ ಚೆಂಡು ಮೇಲಿನ ದಾರಿಯಿಂದ ಮತ್ತೆ ಅಂಕಣದ ನಡುವೆ ಬಂದು ಬೀಳುತ್ತಿತ್ತು. ಎಲ್ಲರೂ ಚೆಂಡಿನ ಹಿಂದೆ ಓಡಿದರೆ, ಮಿಶಿಗನ್‌ನ 469ನೇ ತಂಡ ಚೆಂಡು ಬೀಳುವ ಜಾಗದಲ್ಲೇ ಯಂತ್ರವನ್ನು ನಿಲ್ಲಿಸಿ, ಬಿದ್ದ ಚೆಂಡನ್ನೆಲ್ಲ ತನ್ನ ಗೋಲಿನ ಕಡೆಗೇ ಉರುಳಿಸಿತು. ಗೋಲಾದ ಚೆಂಡು ಮತ್ತೆ ಅದರ ತಲೆಯ ಮೇಲೇ ಬರುತ್ತದೆ, ಮತ್ತೆ ಗೋಲು. ನೀರಿನ ಚಕ್ರದ ಹಾಗೆ. ಇಷ್ಟಾದರೂ ಅಟ್ಲಾಂಟಾದ ಅಂತಿಮ ಪಂದ್ಯದಲ್ಲಿ ಅವರ ಕೂಟ ಸೋತಿತು. ಯುಕ್ತಿ ಎಷ್ಟೇ ದೊಡ್ಡದಾದರೂ ಎದುರಿಗಿರುವವರಿಗೂ ಕಣ್ಣಿದೆ.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು 2014ರ ಆಟ. ಒಂದು ಕೂಟದಿಂದ ಒಮ್ಮೆಗೆ ಒಂದೇ ಚೆಂಡು. ಮೇಲಿನ ಗೋಲಿಗೆ 10 ಅಂಕ. ಆದರೆ ಗೋಲಿಗೆ ಮುನ್ನ ಮೂರು ಯಂತ್ರಗಳೂ ಬೇರೆಬೇರೆ ವಲಯಗಳಲ್ಲಿ ಚೆಂಡನ್ನು ಮುಟ್ಟಿ ದಾಟಿಸಿದ್ದರೆ ಮೇಲೆ 30 ಅಂಕ. ಎಸೆಯುವ ಶಕ್ತಿಯೇ ಇಲ್ಲದ, ಚೆಂಡನ್ನು ಹಿಡಿದು ಬಿಡಲಷ್ಟೇ ಬರುವ ಬಡ ಯಂತ್ರ ಕೂಡ ಆ ವರ್ಷ ಗೋಲು ಹೊಡೆದವನಿಗಿಂತ ಹೆಚ್ಚು ತಂದುಕೊಟ್ಟಿತು. ಬಲಿಷ್ಠ ತಂಡಗಳ ಮಕ್ಕಳು ಪಂದ್ಯಕ್ಕೆ ಮೊದಲು ಬಡ ತಂಡದ ಟೆಂಟಿಗೆ ಹೋಗಿ, ಅವರ ಯಂತ್ರಕ್ಕೆ ಚೆಂಡು ಹಿಡಿಯುವ ಕೈಯನ್ನು ತಾವೇ ಕಟ್ಟಿಕೊಡುತ್ತಿದ್ದರಂತೆ. ಧರ್ಮಕ್ಕಾಗಿ ಮಾಡಿದ್ದೋ ಲೆಕ್ಕಕ್ಕಾಗಿ ಮಾಡಿದ್ದೋ ಎಂದು ನಾವು ಕೇಳಿದಾಗ ಹುಡುಗಿ ನಕ್ಕಳು. "ಎರಡೂ ಒಂದೇ ಕಡೆ ಹೋದಾಗ ಯಾಕೆ ಕೇಳ್ತೀರಿ ಮಾಮೂ?"

ಮಾರ್ಚ್‌ನ ಆ ಶುಕ್ರವಾರ ಬೆಳಿಗ್ಗೆ ಹೊರಗೆ ಹಿಮ ಇನ್ನೂ ರಾಶಿ ಬಿದ್ದಿತ್ತು. ಒಳಗೆ ಶಾಲೆಯ ಜಿಮ್ ಉರುಸಿನ ಬಯಲಿನಂತಿತ್ತು. ಬಣ್ಣ ಬಣ್ಣದ ಟೀ ಶರ್ಟು, ಡೋಲು, ಕಿವಿ ಗಡಚಿಕ್ಕುವ ಹಾಡು. ನಲವತ್ತು ತಂಡ, ತಂಡಕ್ಕೆ ಹನ್ನೆರಡರಂತೆ ಎಂಬತ್ತು ಲೀಗ್ ಪಂದ್ಯ. ಗ್ಯಾಲರಿಯ ಮೇಲ್ಸಾಲಿನಲ್ಲಿ ಅವಳ ಕೈಕೆಳಗಿನ ಆರು ಮಕ್ಕಳು ಕುಳಿತಿದ್ದರು. ಒಂದು ಪಂದ್ಯಕ್ಕೆ ಆರು ಯಂತ್ರ. ಒಬ್ಬೊಬ್ಬರು ಒಂದೊಂದು ಯಂತ್ರದ ಮೇಲೆ ಮಾತ್ರ ಕಣ್ಣಿಡಬೇಕು, ಪಂದ್ಯ ನೋಡಕೂಡದು. ಇದನ್ನು ಸ್ಕೌಟಿಂಗ್ ಎನ್ನುತ್ತಾರೆ. ಹದಿಮೂರು ವರ್ಷದ ಮಕ್ಕಳು ಸ್ವಂತ ತಂಡ ಗೆಲ್ಲುತ್ತಿರುವಾಗಲೂ ಕತ್ತೆತ್ತದೆ ಬೇರೆಯವರ ಯಂತ್ರದ ಲೆಕ್ಕ ಬರೆಯುವುದು ಸಣ್ಣ ತಪಸ್ಸಲ್ಲ.

ಅಲ್ಲಿ ಎಲ್ಲರೂ ಬಳಸುವ ಸಿದ್ಧ ಗಣಿತ ಒಂದಿದೆ. ಮೂವರು ಸೇರಿ ಗಳಿಸಿದ ಅಂಕಗಳನ್ನು ಸಮೀಕರಣಗಳಾಗಿ ಬರೆದು, ಎಲ್ಲ ಪಂದ್ಯಗಳನ್ನೂ ಒಟ್ಟಿಗೆ ಬಿಡಿಸಿ, ಒಬ್ಬೊಬ್ಬರ ಪಾಲು ಇಷ್ಟು ಎಂದು ಅಂದಾಜು ಮಾಡುವುದು. ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಕೊಡುತ್ತದೆ. ಅವಳು ಅದನ್ನು ಆ ವರ್ಷ ಪಕ್ಕಕ್ಕಿಟ್ಟಿದ್ದಳು. ಕಾರಣ ಕೇಳಿದೆವು. ಪೆಟ್ಟಿಗೆಗೆ ಇಷ್ಟು ಅಂಕ ಎಂದಿದ್ದರೆ ಆ ಗಣಿತ ಸರಿ. ಇಲ್ಲಿ ಅಂಕ ಬರುವುದು ಸೆಕೆಂಡಿನ ಲೆಕ್ಕದಲ್ಲಿ. ಮೊದಲ ಹತ್ತು ಸೆಕೆಂಡಿನಲ್ಲಿ ಒಬ್ಬ ತಕ್ಕಡಿ ವಾಲಿಸಿದ, ಎದುರಾಳಿ ದುರ್ಬಲನಾಗಿದ್ದ, ಪಂದ್ಯ ಮುಗಿಯುವವರೆಗೂ ಅಂಕ ಸುರಿಯಿತು. ಪಕ್ಕದಲ್ಲಿ ಕೆಟ್ಟು ನಿಂತಿದ್ದವನಿಗೂ ಆ ಗಣಿತ ಪಾಲು ಹಂಚುತ್ತದೆ. ಅದಕ್ಕೇ ಅವಳ ಮಕ್ಕಳು ಅಂಕ ಬರೆಯುತ್ತಿರಲಿಲ್ಲ. ಪೆಟ್ಟಿಗೆ ಎತ್ತಿದ ಕ್ಷಣದಿಂದ ಇಟ್ಟ ಕ್ಷಣದವರೆಗೆ ಎಷ್ಟು ಸೆಕೆಂಡು, ಎಷ್ಟು ಬೀಳಿಸಿದ, ಅಡ್ಡ ಬಂದವನಿದ್ದಾಗ ಎಷ್ಟು ನಿಧಾನವಾದ, ಕಂಬಿಯ ಹತ್ತಿರ ಯಾವಾಗ ಬಂದ, ಇಷ್ಟನ್ನೇ ಬರೆಯುತ್ತಿದ್ದರು.

ಮಧ್ಯಾಹ್ನ ಸ್ಥಳೀಯ ಪತ್ರಿಕೆಯೊಂದರ ಫೋಟೋಗ್ರಾಫರ್ ಬಂದ. ಸಭ್ಯ ಮನುಷ್ಯ. ಗ್ಯಾಲರಿಯಲ್ಲಿ ತಲೆಗೆ ಸ್ಕಾರ್ಫ್ ಸುತ್ತಿದ ಹುಡುಗಿಯನ್ನು ಕಂಡು, ಕೆಳಗೆ ಕರೆದು, ತಾನು ಮುಟ್ಟಿಯೂ ನೋಡದ ಯಂತ್ರದ ಪಕ್ಕ ನಿಲ್ಲಿಸಿ ನಾಲ್ಕು ಫೋಟೋ ತೆಗೆದ. ನಿನ್ನ ಸಮುದಾಯದಲ್ಲಿ ಇದಕ್ಕೆ ವಿರೋಧ ಬರಲಿಲ್ಲವೆ ಎಂದು ಕೇಳಿದ. ಬರಲಿಲ್ಲ ಎಂದಳು. ಅವನಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. ಹಿಂದಿರುಗಿ ಬಂದವಳ ಮುಖ ಕೆಂಪಾಗಿತ್ತು. ಅಷ್ಟರಲ್ಲಿ ಮೂರು ಪಂದ್ಯಗಳ ತಪಶೀಲು ತಪ್ಪಿತ್ತು. "ಮಾಮೂ, ನನ್ನ ದುಪಟ್ಟಾ ಬಗ್ಗೆ ಎಲ್ಲರೂ ಕೇಳ್ತಾರೆ. ನನ್ನ ಲಿಸ್ಟ್ ಬಗ್ಗೆ ಒಬ್ಬರೂ ಕೇಳಲ್ಲ."

ನಮಗೆ ಹಿಂದಿನ ವರ್ಷದ ಹೆರಾತ್‌ನ ಹುಡುಗಿಯರು ನೆನಪಾದರು. 2017ರ ಜುಲೈಯಲ್ಲಿ ವಾಷಿಂಗ್ಟನ್‌ನಲ್ಲಿ ದೇಶಕ್ಕೊಂದು ತಂಡದಂತೆ 150ಕ್ಕೂ ಹೆಚ್ಚು ದೇಶಗಳ ಮಕ್ಕಳ ರೋಬೋಟ್ ಸ್ಪರ್ಧೆ ನಡೆದಾಗ, ಅಫ್ಘಾನಿಸ್ತಾನದ ಆರು ಹುಡುಗಿಯರಿಗೆ ಎರಡು ಸಲ ವೀಸಾ ನಿರಾಕರಿಸಿ ಕೊನೆಗೆ ಅಧ್ಯಕ್ಷರೇ ಮಧ್ಯೆ ಬಂದು ಬಿಟ್ಟುಕೊಂಡದ್ದು ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂತು. ದಿಟ್ಟತನಕ್ಕೆಂದು ಬೆಳ್ಳಿ ಪದಕವನ್ನೂ ಕೊಟ್ಟರು. ಆ ಆಟದಲ್ಲಿ ನೀಲಿ ಚೆಂಡು ಶುದ್ಧ ನೀರು, ಕಿತ್ತಳೆ ಚೆಂಡು ಕಲ್ಮಷ; ಅವನ್ನು ಬೇರ್ಪಡಿಸಬೇಕು. ಹೆರಾತ್‌ನ ಯಂತ್ರ ಚೆಂಡುಗಳನ್ನು ಹೇಗೆ ಬೇರ್ಪಡಿಸುತ್ತಿತ್ತು, ಬಿಡಿಭಾಗಗಳು ತಡವಾಗಿ ಕೈಸೇರಿದ್ದರಿಂದ ಅವರು ಯಾವುದನ್ನು ಕೈಬಿಟ್ಟರು, ಯಾವುದನ್ನು ಉಳಿಸಿಕೊಂಡರು, ಇದರ ಬಗ್ಗೆ ನಾವು ಓದಿದ ವರದಿಗಳಲ್ಲಿ ಒಂದು ಪ್ಯಾರಾ ಕೂಡ ಇರಲಿಲ್ಲ. ಕಣ್ಣೀರಿತ್ತು, ಬುರ್ಖಾ ಇತ್ತು, ಯುದ್ಧವಿತ್ತು. ಅದೇ ಬಳಗದ ಹುಡುಗಿಯರು 2020ರಲ್ಲಿ ಹಳೆಯ ಟೊಯೋಟಾ ಕೊರೊಲಾ ಕಾರಿನ ಬಿಡಿಭಾಗಗಳನ್ನು ಬಳಸಿ ವೆಂಟಿಲೇಟರ್ ಮಾದರಿ ತಯಾರಿಸಿದರು. 2021ರಲ್ಲಿ ತಾಲಿಬಾನ್ ಬಂದ ಮೇಲೆ ಕೆಲವರು ದೇಶವನ್ನೇ ಬಿಟ್ಟರು. ಕೈಯಲ್ಲಿರುವುದು ಇಷ್ಟೇ, ಇದರಿಂದ ಆಗುವುದು ಏನು ಎಂದು ಲೆಕ್ಕ ಹಾಕುವ ಬುದ್ಧಿ ಅವರಿಗೆ ಪದಕ ಕೊಟ್ಟವರು ಊಹಿಸಿದ್ದಕ್ಕಿಂತ ದೊಡ್ಡದಿತ್ತು.

ನಮ್ಮವರ ರೋಗ ಬೇರೆ. ನಮ್ಮ ವೇದಿಕೆಗಳಲ್ಲಿ ವಿಜ್ಞಾನದ ಮಾತು ಬಂತೆಂದರೆ ಅಲ್ ಜಝರಿಯ ಹೆಸರು ಬಂದೇ ಬರುತ್ತದೆ. 1206ರಲ್ಲಿ ಯಂತ್ರಗಳ ಪುಸ್ತಕ ಬರೆದು ಮುಗಿಸಿದ, ಆನೆಯ ಗಡಿಯಾರ ಮಾಡಿದ ಮಹಾನುಭಾವ. ಆತನ ಹೆಮ್ಮೆ ನಮಗೂ ಇದೆ. ಆದರೆ ಆ ಭಾಷಣ ಮುಗಿದ ಮೇಲೆ ಮಕ್ಕಳ ಕೈಗೆ ಸ್ಕ್ರೂ ಕೊಡುವವರು ಯಾರು? ಕೇಂದ್ರ ಸರ್ಕಾರ 2016ರಿಂದ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ತೆರೆಯಲು 20 ಲಕ್ಷ ರೂಪಾಯಿವರೆಗೆ ಕೊಡುತ್ತಾ ಬಂದಿದೆ. ಅಂಥ ಲ್ಯಾಬ್ ಇರುವ ನಮ್ಮ ಕಡೆಯ ಒಂದು ಶಾಲೆಗೆ ಕಥಾ ಕಮ್ಮಟಕ್ಕೆಂದು ಹೋಗಿದ್ದಾಗ ಮೋಟಾರುಗಳು ಗಾಜಿನ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇದ್ದವು. ಬೀಗದ ಕೈ ಮುಖ್ಯೋಪಾಧ್ಯಾಯರ ಬಳಿ, ಅವರು ರಜೆಯಲ್ಲಿ. ಮಕ್ಕಳು ಮುರಿದುಬಿಡುತ್ತಾರೆ ಎಂದು ಗುಮಾಸ್ತರು ವಿವರಿಸಿದರು. ಡೆಟ್ರಾಯಿಟ್‌ನ ಹುಡುಗಿಯ ನೋಟ್‌ಬುಕ್ಕಿನಲ್ಲಿ ಯಾವ ಭಾಗ ಎಷ್ಟು ಸಲ ಮುರಿಯಿತೆಂಬ ಪಟ್ಟಿ ಇತ್ತೆಂದು ಹೇಳಿದೆವಲ್ಲ, ಮುರಿಯಲು ಬಿಡದವರಿಗೆ ಆ ಪಟ್ಟಿ ಎಲ್ಲಿಂದ ಬರಬೇಕು?

ಇರಲಿ. ಶನಿವಾರ ಮಧ್ಯಾಹ್ನ ಲೀಗ್ ಮುಗಿದಾಗ ಅವಳ ತಂಡದ ಸ್ಥಾನ 19. ಮೊದಲ ಎಂಟು ತಂಡಗಳು ನಾಯಕರು. ಅವರು ಒಂದರಿಂದ ಎಂಟರವರೆಗೆ ಸರದಿಯಲ್ಲಿ ಒಬ್ಬೊಬ್ಬ ಜೊತೆಗಾರರನ್ನು ಕರೆಯುತ್ತಾರೆ. ಎರಡನೆಯ ಸುತ್ತು ತಿರುಗಿ ಎಂಟರಿಂದ ಒಂದಕ್ಕೆ ಬರುತ್ತದೆ. ಬಲಶಾಲಿಗೆ ಮೊದಲ ಆಯ್ಕೆ, ಹಾಗೆಯೇ ಕಟ್ಟಕಡೆಯ ಆಯ್ಕೆಯೂ. ಕರೆದಾಗ ಒಲ್ಲೆ ಎನ್ನಬಹುದು, ಆದರೆ ಹಾಗೆಂದವರನ್ನು ಮತ್ತೆ ಯಾರೂ ಕರೆಯುವಂತಿಲ್ಲ. ಸ್ವತಃ ನಾಯಕರಾಗುವಷ್ಟು ಸ್ಥಾನವಿದ್ದರೆ ಮಾತ್ರ ಆಟ ಉಂಟು. ನಮ್ಮ ಕಡೆಯ ಸಂಬಂಧ ಕುದುರಿಸುವ ಹಿರಿಯರಿಗೆ ಈ ನಿಯಮ ತಿಳಿಸಿದರೆ ಒಳ್ಳೆಯದು ಎಂದು ತಂಗಿ ನಮ್ಮ ಕಿವಿಯಲ್ಲಿ ಹೇಳಿದಳು.

ಹಿಂದಿನ ರಾತ್ರಿ ಮೂರನೇ ಸ್ಥಾನದ ತಂಡದ ನಾಯಕ, ಎತ್ತರದ ಲಿಫ್ಟ್‌ನ ಒಡೆಯ, ಇವರ ಬಿಡಾರಕ್ಕೆ ಬಂದು ಒಂದೇ ಪ್ರಶ್ನೆ ಕೇಳಿದ್ದ: ಪಂದ್ಯ ಪೂರ್ತಿ ನಡುಗೆರೆ ದಾಟದೆ ಕಿಂಡಿಯ ಹತ್ತಿರವೇ ಇರುತ್ತೀರಾ? ಯಂತ್ರ ಓಡಿಸುವ ಹುಡುಗನಿಗೆ ಅವಮಾನವಾಗಿತ್ತು. ಹುಡುಗಿ ಹೂಂ ಎಂದು, ಒಂಬತ್ತು ಪೆಟ್ಟಿಗೆಗೆ ತಗಲುವ ಸರಾಸರಿ ಸಮಯದ ಚೀಟಿ ಕೊಟ್ಟಿದ್ದಳು. ಎರಡನೆಯ ಸುತ್ತಿನಲ್ಲಿ ಆ ನಾಯಕ ಇವರನ್ನು ಕರೆದ. ಒಟ್ಟು ಇಪ್ಪತ್ನಾಲ್ಕರಲ್ಲಿ ಇಪ್ಪತ್ತೆರಡನೆಯ ಹೆಸರು. ಇವರಿಗಿಂತ ಮೇಲಿನ ಸ್ಥಾನದ ಲಿಫ್ಟ್ ತಂಡಗಳು ಕೆಲವು ಯಾರೂ ಕರೆಯದೆ ಸಾಮಾನು ಕಟ್ಟುತ್ತಿದ್ದವು.

ಕ್ವಾರ್ಟರ್ ಫೈನಲ್ ಸುಲಭವಾಯಿತು. ಸೆಮಿಫೈನಲ್ಲಿನಲ್ಲಿ ಎದುರಾದದ್ದು ಎರಡನೇ ಕೂಟ. ಅವರಲ್ಲಿ ಎರಡು ಲಿಫ್ಟ್ ಯಂತ್ರ, ಎರಡೂ ಚುರುಕು. ಮೊದಲ ಪಂದ್ಯ ಇವರು ಸೋತರು, ಎರಡನೆಯದನ್ನು ಹೇಗೋ ಗೆದ್ದರು. ಮೂರನೆಯದಕ್ಕೆ ಮುಂಚೆ ಸಿಕ್ಕಿದ್ದು ಕೆಲವೇ ನಿಮಿಷ. ಮೂರೂ ತಂಡದ ಮಕ್ಕಳು ಅಂಕಣದ ಮೂಲೆಯಲ್ಲಿ ತಲೆ ಸೇರಿಸಿ ನಿಂತರು. ನಾಯಕ ಹೇಳುತ್ತಿದ್ದದ್ದು ತಕ್ಕಡಿಗೆ ಇನ್ನೂ ವೇಗವಾಗಿ ಹೋಗುವ ಬಗ್ಗೆ. ಹುಡುಗಿ ಗ್ಯಾಲರಿಯಿಂದ ಇಳಿದು ಬಂದು ನೋಟ್‌ಬುಕ್ ತೆರೆದಳು.

"ತಕ್ಕಡಿ ಅವರಿಗೇ ಇರಲಿ" ಎಂದಳು.

ಅವಳು ಅಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ರಾತ್ರಿ ನಮಗೆ ಕನ್ನಡದಲ್ಲಿ ಬಿಡಿಸಿದ್ದು ಹೀಗೆ. ಅವರ ಎರಡೂ ಲಿಫ್ಟ್ ತಕ್ಕಡಿಯ ಹತ್ತಿರವೇ ಇರುತ್ತವೆ. ತಮ್ಮ ಸ್ವಿಚ್ಚಿನ ಮೇಲೆ ಶುರುವಿನಲ್ಲಿ ಎರಡು ಪೆಟ್ಟಿಗೆ ಇಟ್ಟು ಅದನ್ನು ಮರೆತುಬಿಡುತ್ತಾರೆ. ನಮ್ಮ ಹಾಳೆಗಳಲ್ಲಿ ಪ್ರತಿ ಪಂದ್ಯದಲ್ಲೂ ಹೀಗೇ ಇದೆ. ನಮ್ಮ ದೊಡ್ಡ ಲಿಫ್ಟ್ ತಕ್ಕಡಿಗೆ ಹೋಗದೆ ನೇರ ಅವರ ಸ್ವಿಚ್ಚಿಗೆ ಹೋಗಿ ಮೂರು ಪೆಟ್ಟಿಗೆ ಇಡಲಿ. ಅಲ್ಲಿಗೆ ಅವರ ಸ್ವಿಚ್ ಸತ್ತಿತು. ಈಗ ಅವರಿಗೆ ತಕ್ಕಡಿಯಿಂದ ಸೆಕೆಂಡಿಗೊಂದು, ನಮಗೆ ನಮ್ಮ ಸ್ವಿಚ್ಚಿನಿಂದ ಸೆಕೆಂಡಿಗೊಂದು. ಸಮ. ಉಳಿದದ್ದು ತಿಜೋರಿ ಮತ್ತು ಕಂಬಿ. ತಿಜೋರಿಯಲ್ಲಿ ನಾವು ಮುಂದಿದ್ದೇವೆ. ಕಂಬಿಗೆ ಅವರು ಕಡೆಯ ಹತ್ತು ಸೆಕೆಂಡಿನವರೆಗೆ ಬರುವುದಿಲ್ಲ, ತಕ್ಕಡಿ ಬಿಟ್ಟು ಬರಲು ಮನಸ್ಸಿಲ್ಲ. ಇಬ್ಬರೂ ಒಟ್ಟಿಗೆ ಬಂದರೆ ಕಂಬಿಯಲ್ಲಿ ಜಾಗವಿಲ್ಲ. ನಮ್ಮವರು ಮೂವತ್ತು ಸೆಕೆಂಡು ಮೊದಲೇ ಬಂದು, ಒಬ್ಬರು ಏರಿ, ಅವರ ಪಕ್ಕದ ಕೊಕ್ಕೆಗೆ ಇನ್ನೊಬ್ಬರು ಜೋತುಬೀಳಲಿ. ನಮ್ಮ ಗಿಡ್ಡ ಯಂತ್ರಕ್ಕೆ ಲೆವಿಟೇಟ್ ಇದೆ.

ಆ ನಾಯಕನ ತಂಡ ಆರು ವಾರ ದುಡಿದು ಕಟ್ಟಿದ್ದು ತಕ್ಕಡಿಗಾಗಿಯೇ. ತಂದೆ ತಾಯಿ, ಶಾಲೆಯ ಮೇಷ್ಟ್ರು, ಹಣ ಕೊಟ್ಟ ಕಂಪನಿಯವರು ಎಲ್ಲರೂ ಎದುರಿಗೇ ಕುಳಿತಿದ್ದಾರೆ. ಅವರ ಕಣ್ಣೆದುರು ಆ ಎತ್ತರದ ಲಿಫ್ಟನ್ನು ಸೊಂಟದೆತ್ತರಕ್ಕೆ ಇಳಿಸಿಕೊಂಡು ಆಡು ಎಂದು, ಇಪ್ಪತ್ತೆರಡನೆಯವಳಾಗಿ ಬಂದ ಹುಡುಗಿ ಹೇಳುತ್ತಿದ್ದಾಳೆ. ಖಂದಕ್ ಯುದ್ಧಕ್ಕೆ ಮೊದಲು ಮದೀನಾದ ಮಶ್ವರಾದಲ್ಲಿ ಪರ್ಷಿಯಾದಿಂದ ಬಂದ ಸಲ್ಮಾನ್ ಫಾರ್ಸಿಯವರು ಕಂದಕ ತೋಡೋಣ ಎಂದಾಗ, ಅರಬರ ಯುದ್ಧಪದ್ಧತಿಯಲ್ಲೇ ಇಲ್ಲದ ಆ ಮಾತನ್ನು ಪ್ರವಾದಿಯವರು ಒಪ್ಪಿಕೊಂಡದ್ದು ನಮಗೆ ನೆನಪಾಯಿತು. ಮಕ್ಕಳ ಆಟಕ್ಕೆ ಹೋಲಿಕೆ ದೊಡ್ಡದು. ಆದರೂ ಸಲಹೆ ಕೊಡುವುದಕ್ಕಿಂತ ಸಲಹೆ ಕೇಳಿಸಿಕೊಳ್ಳುವುದು ಕಷ್ಟ ಎಂಬುದು ಆಟದಲ್ಲೂ ಅಷ್ಟೇ ನಿಜ. ಹುಡುಗ ಸ್ವಲ್ಪ ಹೊತ್ತು ನೆಲ ನೋಡಿದ. ಹಾಳೆಯನ್ನು ಇನ್ನೊಮ್ಮೆ ತೋರಿಸು ಎಂದ. ಆಮೇಲೆ ತನ್ನ ತಂಡದವರ ಕಡೆ ತಿರುಗಿ ಆಗಲಿ ಎಂದ.

ಪಂದ್ಯದ ಮೊದಲ ನಿಮಿಷ ಗ್ಯಾಲರಿಗೆ ಏನೂ ಅರ್ಥವಾಗಲಿಲ್ಲ. ತಕ್ಕಡಿ ಪೂರ್ತಿ ಎದುರಾಳಿಯ ಕಡೆ ವಾಲಿದೆ, ಇವರು ಅತ್ತ ತಿರುಗಿಯೂ ನೋಡುತ್ತಿಲ್ಲ. ನಮ್ಮ ಪಕ್ಕದವರೊಬ್ಬರು ಇವರ ಲಿಫ್ಟ್ ಕೆಟ್ಟಿತೆಂದು ಮರುಗಿದರು. ಫಲಕದ ಮೇಲೆ ಎರಡು ಅಂಕಿಗಳು ಜೊತೆಜೊತೆಯಲ್ಲೇ ಏರುತ್ತಿದ್ದವು. ಗಿಡ್ಡ ಯಂತ್ರ ಕಿಂಡಿಗೂ ಪೆಟ್ಟಿಗೆಗಳ ರಾಶಿಗೂ ನಡುವೆ ಇರುವೆಯ ಹಾಗೆ ಓಡಾಡುತ್ತಿತ್ತು. ಎದುರಾಳಿಗಳು ಎಚ್ಚೆತ್ತು ತಮ್ಮ ಸ್ವಿಚ್ಚಿಗೆ ಬರುವಷ್ಟರಲ್ಲಿ ಕೊನೆಯ ಗಂಟೆ ಹತ್ತಿರವಾಗಿತ್ತು. ಬಂದ ಲಿಫ್ಟ್ ಕಂಬಿಗೆ ಹಿಂದಿರುಗಲು ತಡವಾಯಿತು. ಹನ್ನೊಂದು ಅಂಕಗಳಿಂದ ಇವರು ಗೆದ್ದರು. ಯಂತ್ರ ಓಡಿಸುವ ಹುಡುಗ, ಅವಮಾನವಾಗಿದ್ದವನು, ಕೂಗಿ ಕೂಗಿ ದನಿ ಕಳೆದುಕೊಂಡ.

ಫೈನಲ್ಲಿನಲ್ಲಿ ಸೋತರು, ಎರಡೂ ಪಂದ್ಯ. ಒಂದನೇ ಕೂಟದವರು ಆ ಸೆಮಿಫೈನಲ್ ನೋಡಿದ್ದರು. ತಮ್ಮ ಮೂರನೇ ಯಂತ್ರವನ್ನು ಮೊದಲ ಸೆಕೆಂಡಿನಿಂದ ತಮ್ಮ ಸ್ವಿಚ್ಚಿನ ಮುಂದೆ ಕಾವಲು ನಿಲ್ಲಿಸಿದರು. ಅದನ್ನು ದಾಟಿಸಿ ಪೆಟ್ಟಿಗೆ ಇಡುವುದು ಆ ದೊಡ್ಡ ಲಿಫ್ಟ್‌ಗೆ ಆಗಲಿಲ್ಲ. ಇವರ ಬಳಿ ಎರಡನೆಯ ಉಪಾಯ ಇರಲಿಲ್ಲ. ಇದ್ದಿದ್ದರೂ ಆ ಲಿಫ್ಟ್‌ಗಳ ಮುಂದೆ ನಡೆಯುತ್ತಿತ್ತೆಂದು ನಮಗೆ ಅನ್ನಿಸುವುದಿಲ್ಲ. ಅವು ನಿಜಕ್ಕೂ ಉತ್ತಮ ಯಂತ್ರಗಳು. ಯುಕ್ತಿಯನ್ನು ಹೊಗಳುವ ಉತ್ಸಾಹದಲ್ಲಿ ಕೈಕೆಲಸವನ್ನು ಕಡೆಗಣಿಸಬಾರದು.

ಪದಕ ಹಂಚಿ ಮುಗಿದು ಎಲ್ಲರೂ ನೆಲದ ಜಮಖಾನೆ ಸುತ್ತುತ್ತಿದ್ದಾಗ, ಗೆದ್ದ ಕೂಟದ ಕಡೆಯಿಂದ ದಪ್ಪ ಕನ್ನಡಕದ ಹುಡುಗನೊಬ್ಬ ಹುಡುಗಿಯನ್ನು ಹುಡುಕಿಕೊಂಡು ಬಂದ. ಅವನ ಕೈಯಲ್ಲೂ ಒಂದು ನೋಟ್‌ಬುಕ್. ಅವರು ಸ್ವಿಚ್ಚಿನ ಮೇಲೆ ಎರಡೇ ಪೆಟ್ಟಿಗೆ ಇಡುವುದನ್ನು ತಾನೂ ಬರೆದುಕೊಂಡಿದ್ದೆ, ಆದರೆ ಕಂಬಿಗೆ ಬರುವ ಸಮಯ ಬರೆದಿರಲಿಲ್ಲ, ಅದನ್ನು ಯಾವ ಪಂದ್ಯದಿಂದ ಬರೆಯಲು ಶುರು ಮಾಡಿದೆ ಎಂದು ಕೇಳಿದ. ಇಬ್ಬರೂ ಗ್ಯಾಲರಿಯ ಕೆಳಮೆಟ್ಟಿಲ ಮೇಲೆ ಕುಳಿತು ಹಾಳೆಗಳನ್ನು ಹರಡಿಕೊಂಡರು. ಇಫ್ತಾರಿಗೆ ಕಾದವರ ಹಾಗೆ ತಂಗಿ ಎರಡು ಸಲ ಗಡಿಯಾರ ನೋಡಿದಳು. ಹಿಮ ಮತ್ತೆ ಬೀಳಲು ಶುರುವಾಗಿತ್ತು, ಮನೆ ನಲವತ್ತು ಮೈಲಿ ದೂರ. ಅಬ್ಬಾ ಕಾರು ಬಿಸಿ ಮಾಡಲು ಹೊರಗೆ ಹೋದರು. ನಾವು ಪೆಟ್ಟಿಗೆ ಕಟ್ಟುವವರಿಗೆ ಒಂದಿಷ್ಟು ಕೈಹಾಕಿದೆವು. ಅವರಿಬ್ಬರೂ ಇನ್ನೂ ಹದಿನೇಳನೆಯ ಪಂದ್ಯದಲ್ಲಿದ್ದರು.